ಹೋದವಳು ಬಂದೇ ಬರುತ್ತಾಳೆ

ಮಗಳೇ,

ನಿನ್ನ ನಾಯಿಮರಿ ರಾಗಿಯ ಫೋಟೊ ನಿನ್ನಪ್ಪ ಕಳಿಸಿದ್ದ. ಕಿವಿ ಇನ್ನೂ ನೆಟ್ಟಗಾಗಿಲ್ಲ, ಪಾದ ಮಾತ್ರ ದಪ್ಪ, ಹೊಟ್ಟೆ ಗುಂಡಗೆ ಮುಂದೆ ಬಂದಿದೆ. ಇಷ್ಟು ವರ್ಷ ಪಶುವೈದ್ಯನಾಗಿದ್ದವನಿಗೆ ಮೊದಲು ತೋಚುವುದು ಜಂತುಹುಳುವಿನ ಔಷಧಿ. ಹಾಕಿಸಿಲ್ಲದಿದ್ದರೆ ನಾಳೆಯೇ ಹಾಕಿಸು. ಇನ್ನು ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ಎರಡು ವಾರ ರಜೆ ಹಾಕಿದ್ದೀಯ. ಆಮೇಲೆ ವಾರಕ್ಕೆ ಮೂರು ದಿನ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ಎಂಟು ವಾರದ ಮರಿಯನ್ನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ ಎಂದು ಕೇಳಿದ್ದೀಯ.

ಈ ಪ್ರಶ್ನೆಯನ್ನು ಮೊದಲ ವಾರವೇ ಕೇಳಿದೆಯಲ್ಲ, ಅದು ಒಳ್ಳೆಯದಾಯಿತು. ಬಹಳ ಜನ ಕೇಳುವುದು ಮರಿ ದೊಡ್ಡದಾದ ಮೇಲೆ, ಬಾಗಿಲ ಚೌಕಟ್ಟು ಕೆರೆದು ಹಾಳಾಗಿ, ಪಕ್ಕದ ಮನೆಯವರು ಅಸೋಸಿಯೇಷನ್‌ಗೆ ದೂರು ಕೊಟ್ಟ ಮೇಲೆ. ಅಷ್ಟು ಹೊತ್ತಿಗೆ ಅವರ ಬಾಯಲ್ಲಿ ಇನ್ನೊಂದು ಮಾತೂ ತಯಾರಾಗಿರುತ್ತದೆ: “ಊರಲ್ಲಿ ಯಾರಾದ್ರೂ ಸಾಕ್ಕೊಳ್ಳೋರಿದ್ರೆ ಹೇಳಿ ಡಾಕ್ಟ್ರೇ.” ಸಾಕಿದ ನಾಯಿ ಮನೆ ಕಳೆದುಕೊಳ್ಳುವುದಕ್ಕೆ ದೊಡ್ಡ ಕಾಯಿಲೆಯೇ ಬೇಕಿಲ್ಲ ಕಣಮ್ಮ. ಒಂಟಿಯಾಗಿರಲು ಬಾರದಿದ್ದರೆ ಸಾಕು.

ಮೊದಲು ಒಂದು ವಿಷಯ ತಿಳಿದುಕೊ. ನಿನ್ನಜ್ಜನ ಕಾಲದಲ್ಲಿ, ನಮ್ಮ ಕಾಲದಲ್ಲಿ ಯಾರೂ ನಾಯಿಗೆ ಇದನ್ನು ಕಲಿಸಿರಲಿಲ್ಲ. ಕಲಿಸುವ ಅಗತ್ಯವೇ ಬೀಳಲಿಲ್ಲ. ಊರಿನ ನಾಯಿ ಜಗಲಿಯ ಮೇಲೆ ಮಲಗುತ್ತಿತ್ತು. ಹಾಲು ಕರೆಯುವವರ ಹಿಂದೆ ಕೊಟ್ಟಿಗೆಗೆ, ಬುತ್ತಿ ಹೊತ್ತವರ ಹಿಂದೆ ಗದ್ದೆಗೆ, ಸಂಜೆ ಓಣಿಯ ಉಳಿದ ನಾಯಿಗಳ ಜೊತೆ ಊರ ಬಾಗಿಲಿಗೆ. ಮನೆಯವರೆಲ್ಲ ಮದುವೆಗೆ ಹೋದರೂ ಪಕ್ಕದ ಮನೆಯ ಒಲೆ ಉರಿಯುತ್ತಿತ್ತು. ತೇಜಸ್ವಿಯವರ ‘ಪರಿಸರದ ಕತೆ’ ನೀನು ಓದಿದ್ದೀಯ. ಅಲ್ಲಿ ಬರುವ ‘ಕಿವಿ’ ಯಜಮಾನರ ಜೊತೆ ತೋಟ ಕಾಡು ಸುತ್ತಿಕೊಂಡು ಬದುಕಿದ ನಾಯಿ. ನಾಲ್ಕು ಗೋಡೆಯ ನಡುವೆ ಚಿಲಕ ಹಾಕಿಸಿಕೊಂಡು, ಮನುಷ್ಯರ ದನಿಯೂ ಇಲ್ಲದೆ, ಇನ್ನೊಂದು ನಾಯಿಯ ವಾಸನೆಯೂ ಇಲ್ಲದೆ ಒಂಬತ್ತು ಗಂಟೆ ಕೂರುವುದು ನಾಯಿಯ ಜಾತಿಗೇ ಹೊಸದು. ಆದ್ದರಿಂದ “ನಾವೂ ನಾಯಿ ಸಾಕಿದ್ವಿ, ಏನೂ ಆಗ್ಲಿಲ್ಲ” ಎನ್ನುವ ಹಿರಿಯರ ಮಾತನ್ನು ಇಲ್ಲಿ ನೆಚ್ಚಬೇಡ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಸಾಕಿದ್ದು ಬೇರೆ ಬದುಕಿನ ನಾಯಿಯನ್ನು.

ಮರಿ ಯಾಕೆ ಅಳುತ್ತದೆ ಎಂಬುದನ್ನೂ ತಿಳಿದಿರು. ಹುಟ್ಟಿದಾಗಿನಿಂದ ಅದು ತಾಯಿಯ ಮೈಗೆ, ಒಡಹುಟ್ಟಿದವರ ಮೈಗೆ ಅಂಟಿಕೊಂಡೇ ಮಲಗಿದೆ. ಗುಂಪಿನಿಂದ ದೂರವಾದ ಮರಿ ಕೂಗಿದರೆ ತಾಯಿ ಬಂದು ಎತ್ತಿಕೊಂಡು ಹೋಗುತ್ತಾಳೆ. ಕೂಗದ ಮರಿ ಚಳಿಗೋ ಹಸಿವಿಗೋ ಸಾಯುತ್ತದೆ. ಆ ಕೂಗು ಹಟವೂ ಅಲ್ಲ, ನಾಟಕವೂ ಅಲ್ಲ, ಬದುಕಿಕೊಳ್ಳುವ ಉಪಾಯ. ನಮ್ಮ ದೇಶದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎನ್ನುತ್ತವೆ. ತಾಯಿಯ ಬಳಿ ಕಲಿಯಬೇಕಾದ್ದು ಅಷ್ಟು ದಿನ ಇರುತ್ತದೆ. ಎಂಟು ವಾರದ ಮೇಲೆ ಆ ತಾಯಿಯ ಜಾಗಕ್ಕೆ ಬಂದವಳು ನೀನು. 1998ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನ ವಿಜ್ಞಾನಿಗಳು, ಎಳೆಯ ಮಕ್ಕಳಿಗೂ ತಾಯಿಗೂ ಇರುವ ಬಂಧವನ್ನು ಅಳೆಯುವ ಪರೀಕ್ಷೆಯನ್ನೇ ನಾಯಿ ಮತ್ತು ಯಜಮಾನರ ಮೇಲೆ ಮಾಡಿ ನೋಡಿದರು. ಗೊತ್ತಿಲ್ಲದ ಕೋಣೆಯಲ್ಲಿ ಯಜಮಾನರು ಜೊತೆಗಿದ್ದರೆ ನಾಯಿ ಆಡುತ್ತಿತ್ತು, ಮೂಲೆ ಮೂಲೆ ಮೂಸುತ್ತಿತ್ತು. ಅವರು ಎದ್ದು ಹೋದರೆ ಬಾಗಿಲ ಬಳಿ ನಿಲ್ಲುತ್ತಿತ್ತು. ನೀನು ಹತ್ತಿರ ಇದ್ದೀಯ ಎಂಬ ಧೈರ್ಯದಿಂದಲೇ ರಾಗಿ ಸದ್ಯಕ್ಕೆ ಜಗತ್ತನ್ನು ನೋಡುತ್ತಿದ್ದಾಳೆ. ಆ ಧೈರ್ಯ ನೀನು ಇಲ್ಲದಾಗಲೂ ಅವಳೊಳಗೆ ಉಳಿಯಬೇಕು. ಕಲಿಸಬೇಕಾದ್ದು ಇಷ್ಟೇ: ಹೋದವಳು ಬಂದೇ ಬರುತ್ತಾಳೆ ಎಂಬ ನಂಬಿಕೆ.

ಈಗ ನಿನ್ನ ರಜೆಯ ಮಾತು. ಮರಿ ತಂದವರು ರಜೆ ಹಾಕುತ್ತಾರೆ. ಇಪ್ಪತ್ತನಾಲ್ಕು ಗಂಟೆಯೂ ಜೊತೆಗಿರುತ್ತಾರೆ, ತೊಡೆಯ ಮೇಲೆ ಮಲಗಿಸುತ್ತಾರೆ, ಬಚ್ಚಲಿಗೆ ಹೋದರೂ ಹಿಂದೆ ಕರೆದುಕೊಂಡು ಹೋಗುತ್ತಾರೆ. ರಜೆ ಮುಗಿದ ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡು ಹೋದವರು ಸಂಜೆ ಆರಕ್ಕೆ ಬರುತ್ತಾರೆ. ಮರಿಯ ಲೆಕ್ಕದಲ್ಲಿ ಒಂದು ನಿಮಿಷವೂ ಬಿಟ್ಟಿರದ ತಾಯಿ ಏಕಾಏಕಿ ಸತ್ತುಹೋದಂತೆ. ಜೊತೆಗಿರುವುದನ್ನು ರಾಗಿಗೆ ಯಾರೂ ಕಲಿಸಬೇಕಿಲ್ಲ. ನಿನ್ನ ರಜೆ ಇರುವುದು ಸ್ವಲ್ಪ ಸ್ವಲ್ಪವೇ ದೂರ ಹೋಗಿ ಬರುವುದಕ್ಕೆ. ಮೊದಲ ಮೂರು ನಾಲ್ಕು ದಿನ ಮನೆ, ವಾಸನೆ, ನಿನ್ನ ದನಿ ಒಗ್ಗಲಿ. ರಾತ್ರಿ ನಿನ್ನ ಮಂಚದ ಪಕ್ಕದಲ್ಲೇ ಅವಳ ಹಾಸಿಗೆ ಇರಲಿ, ಅತ್ತರೆ ಕೈ ಇಳಿಬಿಡು. ಆಮೇಲೆ ಪಾಠ ಶುರು ಮಾಡು.

ಮೊದಲ ಪಾಠ ನೀನು ಮನೆಯೊಳಗಿರುವಾಗಲೇ ಆಗಬೇಕು. ಅವಳಿಗೊಂದು ಜಾಗ ಗೊತ್ತುಮಾಡು. ಹಾಲ್‌ನ ಒಂದು ಮೂಲೆ, ಗಾಳಿ ಬರುವಂಥದ್ದು, ಬಿಸಿಲು ನೇರವಾಗಿ ಹೊಡೆಯದಂಥದ್ದು. ಮರಿಗಳಿಗೆಂದು ಮಡಚುವ ಕಂಬಿಯ ಬೇಲಿ ಸಿಗುತ್ತದೆ, ಅದನ್ನು ಸುತ್ತ ನಿಲ್ಲಿಸು. ಒಳಗೆ ನಿನ್ನದೊಂದು ಹಳೇ ಕಾಟನ್ ಬಟ್ಟೆ ಹಾಸು, ಒಗೆಯದೆ ಇದ್ದರೆ ಒಳ್ಳೆಯದು, ನಿನ್ನ ವಾಸನೆ ಇರುತ್ತದೆ. ಒಂದು ಬದಿಗೆ ನೀರು, ದೂರದ ತುದಿಯಲ್ಲಿ ಉಚ್ಚೆಗೆ ಪೇಪರು. ಊಟವೂ ಅಲ್ಲೇ, ತಿಂಡಿಯೂ ಅಲ್ಲೇ, ನಿದ್ದೆಯೂ ಅಲ್ಲೇ ಆಗಲಿ. ಶುರುವಿನಲ್ಲಿ ಬೇಲಿಯ ಬಾಗಿಲು ತೆರೆದೇ ಇರಲಿ. ಅವಳಾಗಿಯೇ ಹೋಗಿ ಮಲಗುವಂತಾಗಬೇಕು. ಗದರಿ ಅಲ್ಲಿಗೆ ತಳ್ಳಬೇಡ. ಶಿಕ್ಷೆಯ ಜಾಗ ಯಾವತ್ತೂ ನೆಮ್ಮದಿಯ ಜಾಗವಾಗುವುದಿಲ್ಲ. ಬಾಲ್ಕನಿಯಲ್ಲಿ ಬಿಡುವ ಯೋಚನೆಯಂತೂ ಬೇಡವೇ ಬೇಡ. ಬಿಸಿಲು, ಮಳೆ, ಕಂಬಿಯ ಸಂದು, ಕೆಳಗೆ ಓಡಾಡುವ ನಾಯಿಗಳು, ಎಲ್ಲವೂ ಅಪಾಯವೇ.

ಆ ಸುತ್ತಿನಲ್ಲಿ ಅವಳ ಬಾಯಿಗೆ ಸಿಗಬಾರದ್ದು ಏನೇನಿದೆ ಎಂದು ನೆಲದ ಮೇಲೆ ಕೂತು ನೋಡು. ನಿಂತು ನೋಡಿದರೆ ಕಾಣುವುದಿಲ್ಲ. ಚಾರ್ಜರ್ ವೈರು, ಸೊಳ್ಳೆ ಓಡಿಸುವ ದ್ರಾವಣ, ಕಾಲುಚೀಲ, ಹೇರ್‌ಕ್ಲಿಪ್ಪು, ಮಾತ್ರೆಯ ಪಟ್ಟಿ. ಚಾಕಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಬೇಯಿಸಿದ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ. ಮೂರು ತಿಂಗಳು ದಾಟಿದ ಮೇಲೆ ಹಾಲುಹಲ್ಲು ಬೀಳುವುದಕ್ಕೆ ಶುರುವಾಗುತ್ತದೆ. ಇಪ್ಪತ್ತೆಂಟು ಹಾಲುಹಲ್ಲು ಹೋಗಿ ನಲವತ್ತೆರಡು ಹಲ್ಲು ಬರುವ ಹೊತ್ತಿನಲ್ಲಿ ವಸಡು ತುರಿಸುತ್ತದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ಆಗ ಕಚ್ಚಲು ಸರಿಯಾದ ವಸ್ತು ಕೊಡದಿದ್ದರೆ ನಿನ್ನ ಲ್ಯಾಪ್‌ಟಾಪ್ ಬ್ಯಾಗನ್ನು ಅವಳೇ ಆರಿಸಿಕೊಳ್ಳುತ್ತಾಳೆ.

ಜಾಗ ಒಗ್ಗಿದ ಮೇಲೆ ಬೇಲಿ ಹಾಕಿ ಪಕ್ಕದಲ್ಲೇ ಕೂತು ಕೆಲಸ ಮಾಡು. ಆಮೇಲೆ ನಾಲ್ಕು ಅಡಿ ದೂರ. ಆಮೇಲೆ ಅಡುಗೆಮನೆಗೆ ಹೋಗಿ ನೀರು ಕುಡಿದು ಬಾ. ಆಮೇಲೆ ರೂಮಿನ ಬಾಗಿಲು ಹಾಕಿ, ಒಂದು ಉಸಿರು ಎಳೆದು, ತೆಗೆ. ಇಷ್ಟು ಚಿಕ್ಕದಾಗಿ ಶುರು ಮಾಡಬೇಕೇ ಎಂದು ಕೇಳಬೇಡ, ಇಷ್ಟು ಚಿಕ್ಕದಾಗಿಯೇ ಮಾಡಬೇಕು. ಬಾಗಿಲು ಮುಚ್ಚಿದಾಗ ಅವಳನ್ನು ನೋಡಿದ್ದೀಯಾ? ತಲೆ ಎತ್ತುತ್ತಾಳೆ. ಕಿವಿ ಎರಡೂ ಬಾಗಿಲ ಕಡೆ ತಿರುಗುತ್ತವೆ. ಕಚ್ಚುತ್ತಿದ್ದ ಆಟಿಕೆಯ ಮೇಲೆ ದವಡೆ ಹಾಗೇ ನಿಲ್ಲುತ್ತದೆ. ಆ ಗಳಿಗೆಯಲ್ಲೇ ಅವಳು ತೀರ್ಮಾನಿಸುವುದು. ಬಾಗಿಲು ತೆರೆದು ನೀನು ಕಂಡರೆ ದವಡೆ ಮತ್ತೆ ಆಡುತ್ತದೆ. ನಾಲ್ಕಾರು ಬಾರಿ ಹೀಗಾದ ಮೇಲೆ ಬಾಗಿಲು ಮುಚ್ಚಿದರೂ ತಲೆ ಎತ್ತುವುದನ್ನು ಬಿಡುತ್ತಾಳೆ. ಪಾಠ ತಲೆಗೆ ಹತ್ತಿತು ಎನ್ನುವುದಕ್ಕೆ ಅದೇ ಗುರುತು. ಆಗ ಹೊತ್ತನ್ನು ಹೆಚ್ಚಿಸು.

ಹೆಚ್ಚಿಸುವುದೂ ಒಂದೇ ಸಮನೆ ಬೇಡ. ಹತ್ತು ಸೆಕೆಂಡು, ಅರ್ಧ ನಿಮಿಷ, ಮತ್ತೆ ಐದು ಸೆಕೆಂಡು, ಒಂದು ನಿಮಿಷ, ಮತ್ತೆ ಹದಿನೈದು ಸೆಕೆಂಡು. ಪ್ರತಿ ಸಲವೂ ಹಿಂದಿನದಕ್ಕಿಂತ ಉದ್ದವಾಗುತ್ತಾ ಹೋದರೆ ಪ್ರತಿ ಸಲವೂ ಕಷ್ಟ ಹೆಚ್ಚುತ್ತದೆ ಎಂಬುದನ್ನೇ ಅವಳು ಕಲಿಯುತ್ತಾಳೆ. ನಡುನಡುವೆ ಸುಲಭದ್ದು ಬರಲಿ. ಒಂದು ಹೊತ್ತಿಗೆ ಐದಾರು ಸಲ ಮಾಡಿ ನಿಲ್ಲಿಸು, ದಿನಕ್ಕೆ ಎರಡು ಹೊತ್ತು ಸಾಕು. ಆಮೇಲೆ ಮುಂಬಾಗಿಲು. ಚಿಲಕ ತೆಗೆದು ಹಾಕು. ಹೊರಗೆ ಹೆಜ್ಜೆ ಇಟ್ಟು ಒಳಗೆ ಬಾ. ಲಿಫ್ಟಿನವರೆಗೆ ಹೋಗಿ ಬಾ. ಕೆಳಗಿಳಿದು ಹಾಲಿನ ಪ್ಯಾಕೆಟ್ ತಂದು ಬಾ. ಹಳೇ ಫೋನೊಂದನ್ನು ಕಪಾಟಿನ ಮೇಲಿಟ್ಟು ವಿಡಿಯೊ ಕಾಲ್ ಹಾಕಿಕೊಂಡರೆ ಹೊರಗಿದ್ದೇ ಅವಳನ್ನು ನೋಡಬಹುದು. ಅಂದಾಜಿನ ಮೇಲೆ ನಡೆಯಬೇಡ, ಕಣ್ಣಾರೆ ನೋಡು. ಭಯಪಡುವ ನಾಯಿ ಸಾಮಾನ್ಯವಾಗಿ ಯಜಮಾನರು ಹೋದ ಮೊದಲ ಅರ್ಧ ಗಂಟೆಯೊಳಗೇ ಅದನ್ನು ತೋರಿಸುತ್ತದೆ. ಆ ಅರ್ಧ ಗಂಟೆಯನ್ನು ರಾಗಿ ನೆಮ್ಮದಿಯಾಗಿ ಕಳೆದರೆ ಮುಂದಿನ ದಾರಿ ಬೇಗ ಸಾಗುತ್ತದೆ.

ಹೊರಡುವ ಗುರುತುಗಳನ್ನೂ ಅವಳ ಮನಸ್ಸಿನಿಂದ ಸಡಿಲಿಸಬೇಕು. ಬೀಗದ ಕೈಯ ಸದ್ದು, ಶೂ, ಕೊರಳಿಗೆ ಹಾಕುವ ಐಡಿ ಕಾರ್ಡು, ಹೆಲ್ಮೆಟ್ಟು. ಇವು ಕಂಡರೆ ಯಜಮಾನಿ ಹೋಗುತ್ತಾಳೆ ಎಂದು ನಾಯಿ ಬಹಳ ಬೇಗ ಲೆಕ್ಕ ಹಾಕುತ್ತದೆ. ನೀನು ಹೊರಡುವ ಮೊದಲೇ ಅದಕ್ಕೆ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ಬೀಗದ ಕೈ ತೆಗೆದುಕೊಂಡು ಸೋಫಾದಲ್ಲಿ ಕೂತು ಕಾಫಿ ಕುಡಿ. ಶೂ ಹಾಕಿಕೊಂಡೇ ಪಾತ್ರೆ ತೊಳೆ. ಐಡಿ ಕಾರ್ಡು ಹಾಕಿಕೊಂಡು ಅವಳ ಜೊತೆ ಚೆಂಡಾಡು.

ಇನ್ನು ಎಲ್ಲರೂ ಹೇಳುವ ಒಂದು ಮಾತು: “ಅತ್ತರೆ ಅಳಲಿ ಬಿಡು, ನಾಲ್ಕು ದಿನ ಅತ್ತು ಸುಮ್ಮನಾಗುತ್ತೆ.” ಇದನ್ನು ನೀನು ಕೇಳಬೇಡ. ಗಂಟೆಗಟ್ಟಲೆ ಅತ್ತ ಮರಿ ಸುಮ್ಮನಾಗುವುದು ದಣಿವಿನಿಂದ. ಅದರ ಭಯ ಹೋಗಿರುವುದಿಲ್ಲ, ಕೂಗಿದರೂ ಯಾರೂ ಬರುವುದಿಲ್ಲ ಎಂಬ ಪಾಠ ಕೂತಿರುತ್ತದೆ. ಅದರ ಮೇಲೆ ಬೇರೆ ಯಾವ ಪಾಠವೂ ಸುಲಭವಾಗಿ ಕೂರುವುದಿಲ್ಲ. ಹಾಗೆಂದು ಪ್ರತಿ ಸಣ್ಣ ಸದ್ದಿಗೂ ಓಡಬೇಕಿಲ್ಲ. ಗೊಣಗುವುದಕ್ಕೂ ಹೆದರಿ ಅಳುವುದಕ್ಕೂ ವ್ಯತ್ಯಾಸವಿದೆ. ಗೊಣಗುವ ಮರಿ ಕುಂಯ್ ಎಂದು, ಒಂದು ಸುತ್ತು ತಿರುಗಿ, ಒಂದೆರಡು ನಿಮಿಷದಲ್ಲಿ ಮಲಗುತ್ತದೆ. ಹೆದರಿದ ಮರಿಯ ದನಿ ಏರುತ್ತಾ ಹೋಗುತ್ತದೆ, ಜೊಲ್ಲು ಸುರಿಯುತ್ತದೆ, ಬಾಗಿಲು ಕೆರೆಯುತ್ತದೆ, ಸೆಕೆ ಇಲ್ಲದಿದ್ದರೂ ತೇಕುತ್ತದೆ, ಈಗಷ್ಟೇ ಉಚ್ಚೆ ಮಾಡಿ ಬಂದಿದ್ದರೂ ಮತ್ತೆ ಮಾಡಿಕೊಳ್ಳುತ್ತದೆ. ಮೊದಲನೆಯದಕ್ಕೆ ತಾಳ್ಮೆಯಿಂದಿರು. ಎರಡನೆಯದಕ್ಕೆ ತಕ್ಷಣ ಒಳಗೆ ಹೋಗು, ಸಮಾಧಾನ ಮಾಡು, ಮುಂದಿನ ಸಲ ಹೊತ್ತನ್ನು ಅರ್ಧಕ್ಕಿಂತ ಕಡಿಮೆ ಮಾಡು. ಅತ್ತಾಗ ಹೋದರೆ ಅಳುವುದನ್ನೇ ಕಲಿಯುತ್ತದೆ ಎನ್ನುವವರು ಇದ್ದಾರೆ. ಭಯಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಅಸಲಿಗೆ ಅಳು ಬರುವ ಮೊದಲೇ ನೀನು ಹಿಂದಿರುಗಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಹೊರಡುವ ಮುಂಚಿನ ಒಂದು ಗಂಟೆ ಬಹಳ ಮುಖ್ಯ. ಮರಿಗಳು ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಗಂಟೆ ನಿದ್ದೆ ಮಾಡುತ್ತವೆ. ಆ ನಿದ್ದೆಯ ಸಮಯಕ್ಕೆ ನಿನ್ನ ಹೊರಡುವ ಸಮಯ ಕೂಡಿಬರಬೇಕು. ಆಟ, ಊಟ, ಉಚ್ಚೆ ಕಕ್ಕ, ಆಮೇಲೆ ಹತ್ತಿಪ್ಪತ್ತು ನಿಮಿಷ ಮೈ ಸವರುತ್ತಾ ಶಾಂತವಾಗಿ ಕೂರುವುದು, ಈ ಕ್ರಮ ಇಟ್ಟುಕೊ. ಆಟ ಆಡಿಸಿ ಕೆರಳಿಸಿ ಹಾಗೇ ಹೊರಟುಹೋಗಬೇಡ. ಕೊನೆಗೆ ನೆಕ್ಕುವುದಕ್ಕೂ ಕಚ್ಚುವುದಕ್ಕೂ ಏನಾದರೂ ಕೊಡು. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆ ತಂದು, ಉಪ್ಪು ಒಗ್ಗರಣೆ ಇಲ್ಲದ ಮೊಸರನ್ನವನ್ನು ಸ್ವಲ್ಪ ಅದರಲ್ಲಿ ತುಂಬಿ ಫ್ರೀಜರಿನಲ್ಲಿಡು. ಗಟ್ಟಿಯಾದದ್ದನ್ನು ನೆಕ್ಕಿ ನೆಕ್ಕಿ ಖಾಲಿ ಮಾಡುವಷ್ಟರಲ್ಲಿ ನಿದ್ದೆ ಬರುತ್ತದೆ. ಅದನ್ನು ನೀನು ಇರುವಾಗ ಒಂದೆರಡು ದಿನ ಕೊಟ್ಟು ಅಭ್ಯಾಸ ಮಾಡಿಸು. ನೀನು ಹೋದ ಮೇಲೆ ಅವಳು ಅದನ್ನು ಮುಟ್ಟದೆ ಬಿಟ್ಟು, ನೀನು ಬಂದ ಮೇಲಷ್ಟೇ ತಿನ್ನಲು ಕೂತರೆ ಎಚ್ಚರ ವಹಿಸು. ಹೊಟ್ಟೆ ತುಂಬಿದ್ದಕ್ಕಲ್ಲ ಬಿಟ್ಟದ್ದು, ಹೆದರಿಕೆಗೆ ಗಂಟಲಲ್ಲಿ ಇಳಿದಿಲ್ಲ.

ಕಳ್ಳ ಹೆಜ್ಜೆ ಇಟ್ಟು ಹೋಗಬೇಡ. ಮಲಗಿದ್ದಾಗ ಮೆಲ್ಲಗೆ ಜಾರಿಕೊಂಡರೆ, ಅಂಗನವಾಡಿಯಲ್ಲಿ ಆಟಿಕೆ ಕೊಟ್ಟು ತಾಯಿ ಹಿಂದಿನಿಂದ ಹೊರಟುಹೋದ ಮಗುವಿನಂತೆ, ಅವಳು ಮುಂದಿನ ಸಲ ನಿನ್ನ ಮೇಲಿಂದ ಕಣ್ಣೇ ತೆಗೆಯುವುದಿಲ್ಲ. “ಹೋಗಿ ಬರ್ತೀನಿ ರಾಗಿ” ಎಂದು ದಿನವೂ ಒಂದೇ ದನಿಯಲ್ಲಿ ಹೇಳಿ ಹೋಗು. ತಬ್ಬಿ ಮುದ್ದಾಡಿ ಕಣ್ಣೀರು ಹಾಕಿ ಬೀಳ್ಕೊಡುವುದೂ ಬೇಡ. ಬಂದ ಮೇಲೂ ಹಾಗೇ. ಮೈ ಸವರು, ಮಾತಾಡಿಸು, ಮೊದಲು ಉಚ್ಚೆಗೆ ಕರೆದುಕೊಂಡು ಹೋಗು.

ಬಂದಾಗ ಮನೆ ಗಲೀಜಾಗಿದ್ದರೆ? ಬಾಯಿ ಮಾಡಬೇಡ. ಕೈ ಎತ್ತುವ ಮಾತಂತೂ ದೂರವೇ ಇರಲಿ. “ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿದ್ರೆ ಗೊತ್ತಾಗುತ್ತೆ” ಎನ್ನುತ್ತಾರೆ. ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೋವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿ ತೋರಿಸಿದರು: ಕಿವಿ ಹಿಂದಕ್ಕೆ ಮಾಡಿ, ಕಣ್ಣು ತಪ್ಪಿಸುವ ಆ ಮುಖ ಬರುವುದು ಯಜಮಾನರು ಗದರಿದಾಗ. ತಪ್ಪೇ ಮಾಡದ ನಾಯಿಯೂ ಗದರಿಸಿಕೊಂಡರೆ ಅದೇ ಮುಖ ಮಾಡಿತು. ಬೆಳಿಗ್ಗೆ ಹತ್ತಕ್ಕೆ ಮಾಡಿದ ಉಚ್ಚೆಗೂ ಸಂಜೆ ಆರಕ್ಕೆ ಬಿದ್ದ ಬೈಗುಳಕ್ಕೂ ಅವಳು ಗಂಟು ಹಾಕಲಾರಳು. ಅವಳಿಗೆ ಅರ್ಥವಾಗುವುದು ಒಂದೇ: ಕಾದು ಕಾದು ಬಂದವಳು ಸಿಟ್ಟಿನಿಂದ ಬಂದಳು. ನಾಳೆಯಿಂದ ನೀನು ಹೋಗುವುದೂ ಹೆದರಿಕೆ, ಬರುವುದೂ ಹೆದರಿಕೆ.

ಈಗ ನಿನಗೆ ಇಷ್ಟವಾಗದ ಮಾತೊಂದನ್ನು ಹೇಳಬೇಕು. ಎಷ್ಟೇ ಚೆನ್ನಾಗಿ ಕಲಿಸಿದರೂ ಎರಡು ವಾರದಲ್ಲಿ ರಾಗಿ ಒಂಬತ್ತು ಗಂಟೆ ಒಬ್ಬಳೇ ಇರಲಾರಳು. ಮನಸ್ಸು ಒಪ್ಪಿದರೂ ಮೈ ಒಪ್ಪುವುದಿಲ್ಲ. ಮರಿ ಉಚ್ಚೆ ಹಿಡಿಯುವುದಕ್ಕೆ ಒಂದು ಸ್ಥೂಲ ಲೆಕ್ಕವಿದೆ: ಎಷ್ಟು ತಿಂಗಳೋ ಅಷ್ಟು ಗಂಟೆ, ಹೆಚ್ಚೆಂದರೆ ಅದರ ಮೇಲೆ ಇನ್ನೊಂದು ಗಂಟೆ. ಎರಡು ತಿಂಗಳ ರಾಗಿಗೆ ಎರಡು ಮೂರು ಗಂಟೆ. ಈ ವಯಸ್ಸಿನ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟವೂ ಆಗಬೇಕು. ಆದ್ದರಿಂದ ಮೊದಲ ಕೆಲವು ತಿಂಗಳು ನೀನಿಲ್ಲದ ಹೊತ್ತಿಗೆ ಇನ್ನೊಬ್ಬರು ಬೇಕೇ ಬೇಕು. ಆಫೀಸಿಗೆ ಹೋಗುವ ಮೂರು ದಿನಕ್ಕೆ ಈಗಿನಿಂದಲೇ ಏರ್ಪಾಟು ಮಾಡು. ಎದುರು ಮನೆಯ ಅಜ್ಜಿ ಮಧ್ಯಾಹ್ನ ಬಂದು ಅರ್ಧ ಗಂಟೆ ಕೂರಬಹುದೇ ಕೇಳು. ಮನೆಗೆಲಸಕ್ಕೆ ಬರುವ ಅಕ್ಕನ ಸಮಯವನ್ನು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬದಲಿಸಿ, ಆ ಹೆಚ್ಚಿನ ಕೆಲಸಕ್ಕೆ ಸಂಬಳವನ್ನೂ ಹೆಚ್ಚಿಸು. ಲಸಿಕೆಗಳು ಮುಗಿದ ಮೇಲೆ ಬೇಕಾದರೆ ಡೇಕೇರ್ ನೋಡು. ಅದಕ್ಕೆ ಮೊದಲು ಪಾರ್ವೊ ರೋಗದ ಭಯವಿದೆ, ಹತ್ತು ಕಡೆಯ ನಾಯಿ ಬರುವ ಜಾಗ ಬೇಡ. ಹಾಗೆಂದು ಮನೆಯಲ್ಲೇ ಕಟ್ಟಿಹಾಕಲೂಬೇಡ. ಹದಿನಾಲ್ಕು ವಾರದೊಳಗೆ ನೋಡಿದ್ದು, ಕೇಳಿದ್ದು ಅವಳ ಜೀವಮಾನದ ಧೈರ್ಯ. ಎತ್ತಿಕೊಂಡು ಹೋಗಿ ರಸ್ತೆ, ಆಟೊ, ಮಿಕ್ಸಿಯ ಸದ್ದು, ಮಕ್ಕಳು, ಛತ್ರಿ ಹಿಡಿದವರು, ಎಲ್ಲ ತೋರಿಸು. ಪಿಜಿಯಲ್ಲಿರುವ ಗೆಳತಿಯರು ಸರದಿ ಮೇಲೆ ಬರುತ್ತಾರೆಂದರೆ ಬರಲಿ. ಒಬ್ಬಳನ್ನೇ ಅಂಟಿಕೊಂಡ ನಾಯಿಗಿಂತ ನಾಲ್ಕು ಜನರನ್ನು ನೆಚ್ಚಿದ ನಾಯಿ ಒಂಟಿತನವನ್ನು ಚೆನ್ನಾಗಿ ತಾಳುತ್ತದೆ.

ಮನೆಯಿಂದ ಕೆಲಸ ಮಾಡುವ ಎರಡು ದಿನ ಸುಲಭ ಅಂದುಕೊಳ್ಳಬೇಡ. 2020ರ ಲಾಕ್‌ಡೌನಿನಲ್ಲಿ ಮರಿ ತಂದವರ ಕಷ್ಟ ನೋಡಿದವನು ನಾನು. ಮನೆಯವರು ಹೊರಗೇ ಹೋಗದ ಕಾಲದಲ್ಲಿ ಬೆಳೆದ ನಾಯಿಗಳು, ಆಫೀಸು ತೆರೆದ ಮೇಲೆ ಖಾಲಿ ಮನೆಯನ್ನು ಮೊದಲ ಬಾರಿಗೆ ಕಂಡು ಕಂಗಾಲಾದವು. ನೀನು ಮನೆಯಲ್ಲಿದ್ದರೂ ಮೀಟಿಂಗಿನ ಹೊತ್ತಿಗೆ ಅವಳು ಬೇಲಿಯೊಳಗೆ, ನೀನು ಬಾಗಿಲು ಹಾಕಿದ ರೂಮಿನಲ್ಲಿ. ನಡುವೆ ಒಂದು ಸಲವಾದರೂ ಮನೆಯಿಂದ ಹೊರಗೆ ಹೋಗಿ ಬಾ. ದಿನಾ ನಡೆಯುವ ಸಂಗತಿಯಾದರೆ ಅದರಲ್ಲಿ ಭಯವಿರುವುದಿಲ್ಲ.

ನೆರೆಯವರಿಗೆ ಮೊದಲೇ ಹೋಗಿ ಹೇಳು. “ಮರಿ ತಂದಿದ್ದೀನಿ, ಒಂಟಿಯಾಗಿರೋದು ಕಲಿಸ್ತಾ ಇದ್ದೀನಿ, ಸದ್ದು ಕೇಳಿದ್ರೆ ದಯವಿಟ್ಟು ಫೋನ್ ಮಾಡಿ” ಎಂದು ನಂಬರು ಕೊಡು. ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಬಾರದೆಂದು ಅಸೋಸಿಯೇಷನ್ ನಿಷೇಧ ಹೇರುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಆದರೆ ಕಾಗದ ತೋರಿಸಿ ಜಗಳ ಗೆಲ್ಲಬಹುದು, ನೆರೆಯವರ ಮನಸ್ಸು ಗೆಲ್ಲಲಾಗುವುದಿಲ್ಲ. ನಿನಗೂ ಕಾನೂನಿದೆ ಎಂಬುದು ನೆನಪಿರಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ, ನಾಯಿಯನ್ನು ಸದಾ ಕಟ್ಟಿಹಾಕಿ ಅಥವಾ ಕೂಡಿಹಾಕಿ ಅದಕ್ಕೆ ತಕ್ಕ ಓಡಾಟ ಕೊಡದಿರುವುದನ್ನು ಹಿಂಸೆ ಎಂದೇ ಎಣಿಸುತ್ತದೆ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದೂ ಅದೇ ಕಲಮಿನಲ್ಲಿ ಅಪರಾಧ. ಬೆಳಿಗ್ಗೆ ಸಂಜೆ ಅವಳ ಓಡಾಟ ನಿನ್ನ ಬಿಡುವಿಗೆ ಸಿಗುವ ಕೆಲಸವಲ್ಲ, ನಿನ್ನ ಕರ್ತವ್ಯ.

ಇಷ್ಟೆಲ್ಲ ಮಾಡಿದರೂ ಕೆಲವು ಮರಿಗಳು ಒಗ್ಗಲು ತಡ ಮಾಡುತ್ತವೆ. ಚೆನ್ನಾಗಿ ಕಲಿತವಳೂ ಹಲ್ಲು ಬರುವಾಗ, ಮನೆ ಬದಲಿಸಿದಾಗ, ದೀಪಾವಳಿಯ ಪಟಾಕಿಯ ಮಾರನೇ ದಿನ ಹಿಂದೆ ಬೀಳಬಹುದು. ಆಗ ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಶುರು ಮಾಡು, ಎರಡನೇ ಸಲ ಬೇಗ ಹತ್ತುತ್ತಾಳೆ. ವಾರಗಟ್ಟಲೆ ಮಾಡಿದರೂ ನೀನು ಬಾಗಿಲಾಚೆ ಹೋದ ಕೂಡಲೇ ಮೈ ನಡುಗಿ, ಉಗುರು ಕಿತ್ತುಹೋಗುವ ಹಾಗೆ ಕೆರೆಯುತ್ತಿದ್ದರೆ ಅದು ಕಾಯಿಲೆ ಎಂದು ತಿಳಿ. ವೈದ್ಯರ ಬಳಿ ಕರೆದುಕೊಂಡು ಹೋಗು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿನ್ನ ಊರಲ್ಲೇ ಇದೆ. ಈ ಭಯಕ್ಕೆ ಔಷಧಿಯಿದೆ, ಕೊಡಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಔಷಧಿ ಭಯವನ್ನು ತಗ್ಗಿಸಿ ಪಾಠ ತಲೆಗೆ ಹತ್ತುವಂತೆ ಮಾಡುತ್ತದೆ, ಪಾಠವನ್ನು ನೀನೇ ಹೇಳಿಕೊಡಬೇಕು. ಮನುಷ್ಯರ ನಿದ್ದೆಮಾತ್ರೆ ಕೊಡುವ ದುಸ್ಸಾಹಸ ಮಾಡಬೇಡ. ಜೊತೆಗಿರಲಿ ಎಂದು ಇನ್ನೊಂದು ಮರಿ ತರುವ ಆತುರವೂ ಬೇಡ. ಅವಳು ಕಾಯುವುದು ನಿನ್ನನ್ನು, ಇನ್ನೊಂದು ನಾಯಿಯನ್ನಲ್ಲ. ಹೆದರುವ ನಾಯಿ ಒಂದಿದ್ದದ್ದು ಎರಡಾಗಬಹುದು.

ನೀನು ಬೀದಿಯಲ್ಲಿ ಹುಟ್ಟಿದ ನಾಡಮರಿಯನ್ನು ತಂದದ್ದು ನನಗೆ ಹಿಡಿಸಿತು. ನಮ್ಮ ಹವೆಗೆ ಹುಟ್ಟಿದ ಮೈ, ಚುರುಕು ತಲೆ. ಸಿನಿಮಾ ನೋಡಿ ಲ್ಯಾಬ್ರಡಾರ್ ತರುವವರು, ಫೋಟೊ ನೋಡಿ ಹಸ್ಕಿ ತರುವವರು, ಮುಧೋಳದ ಬಯಲಲ್ಲಿ ಮೊಲ ಅಟ್ಟಲು ಬೆಳೆದ ನಾಯಿಯನ್ನು ಒಂದು ಬೆಡ್‌ರೂಮಿನ ಮನೆಗೆ ತರುವವರು, ಎಲ್ಲರೂ ತಮಗೆ ನಾಯಿ ಹೇಗಿರಬೇಕೆಂದು ಯೋಚಿಸುತ್ತಾರೆ. ನೀನಾದರೋ ನಾನಿಲ್ಲದ ಹೊತ್ತಿನಲ್ಲಿ ನಾಯಿಗೆ ಹೇಗಿರುತ್ತದೆ ಎಂದು ಕೇಳಿದೆ. ಸಾಕುವ ಯೋಗ್ಯತೆ ಅಲ್ಲಿಂದ ಶುರುವಾಗುತ್ತದೆ.

ನಿನಗೆ ಆಫೀಸಿದೆ, ಗೆಳೆಯರಿದ್ದಾರೆ, ಊರಿದೆ. ಅವಳಿಗೆ ನೀನೊಬ್ಬಳೇ. ನೀನು ದುಡಿಯಲು ಹೋಗುವುದು ತಪ್ಪಲ್ಲ, ಅವಳು ಕಾಯುವುದೂ ಶಿಕ್ಷೆಯಾಗಬೇಕಿಲ್ಲ. ಭಯವಿಲ್ಲದ ಕಾಯುವಿಕೆಯಲ್ಲಿ ನಾಯಿ ಸುಖವಾಗಿ ನಿದ್ದೆ ಮಾಡುತ್ತದೆ. ಅಷ್ಟನ್ನು ಅವಳಿಗೆ ಕೊಡುವುದಕ್ಕೆ ಬೇಕಾದ್ದು ದುಡ್ಡಲ್ಲ, ದೊಡ್ಡ ಮನೆಯಲ್ಲ, ದಿನಕ್ಕೆ ಎರಡು ಹೊತ್ತು ತಾಳ್ಮೆ. ರಜೆಯ ದಿನಗಳು ಮುದ್ದಾಡುವುದರಲ್ಲೇ ಕರಗಿಹೋಗದಿರಲಿ. ಇವತ್ತೇ, ಈ ಕಾಗದ ಓದಿ ಮುಗಿಸಿದ ಕೂಡಲೇ, ರೂಮಿನ ಬಾಗಿಲು ಹಾಕು, ಒಂದು ಉಸಿರು ಎಳೆ, ತೆಗೆ. ಅವಳು ಅಳುವ ಮೊದಲೇ ತೆಗೆ.

ನಿನ್ನ,
ದೊಡ್ಡಪ್ಪ